ಹೊಗೆ ಹಿಡಿದರೆ ಟ್ಯಾಕ್ಸ್ ಕಡಿತ! ತೈಲ ಕಂಪನಿಗಳಿಗೆ ಸಬ್ಸಿಡಿ ಯಾಕೆ?

ಟ್ಯಾಕ್ಸ್ ಉಳಿಸೋಕೆ ನಾವು ನೀವೆಲ್ಲ ಎಲ್‌ಐಸಿ ರಸೀದಿ, ಬಾಡಿಗೆ ಚೀಟಿ ಅಂತ ಹುಡುಕಾಡ್ತೀವಿ. ಅಮೆರಿಕದ ತೈಲ ಕಂಪನಿಗಳಿಗೆ ಇನ್ನೊಂದು ದಾರಿಯೂ ಇದೆ. ತಮ್ಮ ಘಟಕದಿಂದ ಹೊರಬೀಳುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ನೆಲದಾಳಕ್ಕೆ ತಳ್ಳಿದರೆ, ಟನ್‌ಗೆ ಇಷ್ಟು ಅಂತ ಸರ್ಕಾರ ತೆರಿಗೆ ಬಿಡುತ್ತದೆ!

ಈ ಸೌಲಭ್ಯ ಕೊಡುವ ಸೆಕ್ಷನ್ ಹೆಸರು 45ಕ್ಯೂ. ಶುರುವಾಗಿದ್ದು 2008ರಲ್ಲಿ. ನಮ್ಮ 80ಸಿ ತರಹ ಆದಾಯದಲ್ಲಿ ಕಳೆಯುವ ಲೆಕ್ಕ ಇದಲ್ಲ. ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಡಿತ. 2022ರ ಕಾಯ್ದೆ ಈ ಮೊತ್ತವನ್ನು ಟನ್‌ಗೆ 85 ಡಾಲರ್‌ಗೆ ಏರಿಸಿತು. ಅಂದರೆ ಏಳು ಸಾವಿರ ರೂಪಾಯಿಗೂ ಹೆಚ್ಚು. ವೇತನ ಮತ್ತಿತರ ಷರತ್ತು ಪೂರೈಸಿದರೆ 12 ವರ್ಷ ಸಿಗುತ್ತದೆ.

ಸರ್ಕಾರ ಯಾಕೆ ಕೊಡಬೇಕು ಅಂತೀರಾ? ಹೊಗೆ ಹಿಡಿಯೋಕೆ ಯಂತ್ರ ಬೇಕು, ಪೈಪ್‌ಲೈನ್ ಬೇಕು, ವಿದ್ಯುತ್ ಬೇಕು. ಹೂತಿಟ್ಟ ಅನಿಲವನ್ನು ಕೊಳ್ಳುವವರು ಮಾತ್ರ ಯಾರೂ ಇಲ್ಲ. ಲಾಭವಿಲ್ಲದ ಕೆಲಸವನ್ನು ಯಾವ ಕಂಪನಿ ತಾನಾಗಿ ಮಾಡೀತು? ಈ ವಾದದಲ್ಲಿ ಹುರುಳಿದೆ. ಆದರೆ ದುಡ್ಡು ಯಾವ ಕೆಲಸಕ್ಕೆ ಹೋಗುತ್ತಿದೆ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹೂತ ಅನಿಲದಿಂದ ಮತ್ತೆ ತೈಲ

ಹಳೆಯ ಬಾವಿಯಲ್ಲಿ ತೈಲ ಸಲೀಸಾಗಿ ಮೇಲೆ ಬರಲ್ಲ. ಅಲ್ಲಿಗೆ ಕಾರ್ಬನ್ ಡೈಆಕ್ಸೈಡ್ ನುಗ್ಗಿಸಿದರೆ ಉಳಿದ ತೈಲ ತೆಳುವಾಗಿ ಮೇಲೇಳುತ್ತದೆ. ಟೆಕ್ಸಾಸ್‌ನಲ್ಲಿ 1972ರಿಂದಲೇ ಇದು ನಡೆದಿದೆ. ಅನಿಲದ ಬಹುಪಾಲು ಒಳಗೇ ಉಳಿಯುತ್ತದೆ ನಿಜ. ಆದರೆ ಮೇಲೆ ಬಂದ ತೈಲ ಎಲ್ಲೋ ಒಂದು ಕಡೆ ಉರಿದೇ ಉರಿಯುತ್ತದೆ, ಅಲ್ವಾ?

ಅದಕ್ಕೇ 2022ರ ಕಾಯ್ದೆ ಇಂಥ ಕೆಲಸಕ್ಕೆ ಕಡಿಮೆ, ಅಂದರೆ 60 ಡಾಲರ್ ಇಟ್ಟಿತ್ತು. 2025ರ ಜುಲೈನಲ್ಲಿ ಬಂದ ಹೊಸ ಕಾಯ್ದೆ ಆ ವ್ಯತ್ಯಾಸವನ್ನೇ ಅಳಿಸಿತು. ಈಗ ಸುಮ್ಮನೆ ಹೂತರೂ 85, ತೈಲ ತೆಗೆಯೋಕೆ ಬಳಸಿದರೂ 85.

ಅದೇ ಕಾಯ್ದೆ ಇನ್ನೊಂದು ಕೆಲಸವನ್ನೂ ಮಾಡಿತು. ತೈಲ, ಅನಿಲ ಘಟಕಗಳಿಂದ ಮಿತಿ ಮೀರಿ ಸೋರುವ ಮೀಥೇನ್‌ಗೆ ಟನ್‌ಗೆ 900 ಡಾಲರ್‌ನಿಂದ ಶುರುವಾಗುವ ಶುಲ್ಕ 2022ರಲ್ಲಿ ನಿಗದಿಯಾಗಿತ್ತು. ಅದನ್ನು 2034ಕ್ಕೆ ಮುಂದೂಡಲಾಯಿತು. ಬೆಲ್ಲ ಹೆಚ್ಚಾಯಿತು, ಬೆತ್ತ ಅಟ್ಟಕ್ಕೆ ಹೋಯಿತು.

ನಾರ್ವೆಯ ಬೆತ್ತ, ಕೆನಡಾದ ಬೆಲ್ಲ

ಬೆತ್ತದಿಂದ ಕೆಲಸ ಆಗುತ್ತಾ? ನಾರ್ವೆ 1991ರಲ್ಲೇ ಕಾರ್ಬನ್ ತೆರಿಗೆ ಹಾಕಿತು, ಸಮುದ್ರದ ತೈಲ, ಅನಿಲ ಉದ್ಯಮವನ್ನೂ ಬಿಡಲಿಲ್ಲ. ಸ್ಲೈಪ್ನರ್ ಎಂಬ ಅನಿಲ ಕ್ಷೇತ್ರದಲ್ಲಿ ಹೊರಬರುವ ಅನಿಲದ ಜೊತೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿತ್ತು. ಮಾರಬೇಕಾದರೆ ಅದನ್ನು ಬೇರ್ಪಡಿಸಲೇಬೇಕು. ಗಾಳಿಗೆ ಬಿಟ್ಟು ತೆರಿಗೆ ಕಟ್ಟೋದಕ್ಕಿಂತ ಹೂಳೋದೇ ಅಗ್ಗ ಅಂತ ಕಂಪನಿಗೆ ಲೆಕ್ಕ ಸಿಕ್ಕಿತು. 1996ರಿಂದ ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷ ಟನ್ ಸಮುದ್ರತಳದ ಕೆಳಗಿನ ಮರಳುಗಲ್ಲಿಗೆ ಸೇರುತ್ತಾ ಬಂತು.

ಕೆನಡಾದ ಅಲ್ಬರ್ಟಾದಲ್ಲಿ ಶೆಲ್ ನಡೆಸುವ ಕ್ವೆಸ್ಟ್ ಯೋಜನೆಯ ಕಥೆ ಬೇರೆ. 2015ರಲ್ಲಿ ಶುರುವಾದ ಇದೂ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಹಿಡಿಯುತ್ತದೆ. ಅಂದಾಜು ವೆಚ್ಚ 135 ಕೋಟಿ ಕೆನಡಿಯನ್ ಡಾಲರ್, ಅದರಲ್ಲಿ 86.5 ಕೋಟಿ ಜನರ ತೆರಿಗೆ ಹಣ. 'ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ' ಅನ್ನೋ ಗಾದೆ ನೆನಪಾದರೆ ತಪ್ಪಿಲ್ಲ.

ಹಾಗಂತ ಹೋಲಿಕೆಯನ್ನು ತೀರಾ ಎಳೆಯೋದು ಬೇಡ. ಸ್ಲೈಪ್ನರ್‌ನಲ್ಲಿ ಅನಿಲ ಹೇಗೂ ಬೇರೆಯಾಗುತ್ತಿತ್ತು, ಹೀಗಾಗಿ ಖರ್ಚು ಕಡಿಮೆ. ಎಲ್ಲ ಕಡೆಯೂ ತೆರಿಗೆಯೊಂದರಿಂದಲೇ ಆಗಿಬಿಡುತ್ತೆ ಅನ್ನೋಕಾಗಲ್ಲ. ಹೊಸ ತಂತ್ರಜ್ಞಾನಕ್ಕೆ ಮೊದಮೊದಲು ಕೈಹಿಡಿಯುವವರು ಬೇಕು. ನಾರ್ವೆ ಸರ್ಕಾರವೂ ಈಚಿನ ಇಂಗಾಲ ಸಂಗ್ರಹ ಯೋಜನೆಗಳಿಗೆ ಧಾರಾಳವಾಗಿ ಹಣ ಕೊಟ್ಟಿದೆ.

ನಾವು ಕೇಳಬೇಕಾದ್ದು

ಮರೆಯಬಾರದ ಮಾತು ಇನ್ನೊಂದಿದೆ. ಒಂದು ಬ್ಯಾರೆಲ್ ತೈಲದ ಇಂಗಾಲದಲ್ಲಿ ಸಿಂಹಪಾಲು ಬರೋದು ಬಾವಿಯಿಂದಲೂ ಅಲ್ಲ, ರಿಫೈನರಿಯಿಂದಲೂ ಅಲ್ಲ. ಬೈಕು, ಕಾರು, ಲಾರಿ, ವಿಮಾನಗಳಲ್ಲಿ ಅದು ಉರಿದಾಗ. ಆ ಹೊಗೆಯನ್ನು ಈ ಯಾವ ಯಂತ್ರವೂ ಹಿಡಿಯಲ್ಲ.

ಇದು ದೂರದ ದೇಶಗಳ ಸುದ್ದಿ ಮಾತ್ರ ಅಲ್ಲ. ನಮ್ಮ ನೀತಿ ಆಯೋಗವೂ 2022ರಲ್ಲಿ ಈ ತಂತ್ರಜ್ಞಾನದ ಬಗ್ಗೆ ವರದಿ ಕೊಟ್ಟು, ಪ್ರೋತ್ಸಾಹಧನದ ದಾರಿಯನ್ನೇ ಸೂಚಿಸಿದೆ. ಹಾಗಾಗಿ ನಾಳೆ 'ತೈಲ ಕಂಪನಿಗಳಿಗೆ ಹಸಿರು ನೆರವು' ಅನ್ನೋ ನೋಟಿಫಿಕೇಶನ್ ಫೋನಿಗೆ ಬಂದರೆ ಮೂರು ಪ್ರಶ್ನೆ ಹಾಕಿ ನೋಡಿ. ದುಡ್ಡು ಕೊಡೋದು ಯಂತ್ರ ಕೂರಿಸಿದ್ದಕ್ಕಾ, ಅಳೆದು ಹೂತ ಟನ್ನಿಗಾ? ಹೂತ ಅನಿಲದಿಂದ ಮತ್ತೆ ತೈಲ ತೆಗೀತಾರಾ? ಹಿಡಿಯದೆ ಬಿಟ್ಟರೆ ದಂಡ ಉಂಟಾ?

ಮೂರನೆಯದಕ್ಕೆ 'ಇಲ್ಲ' ಅನ್ನೋ ಉತ್ತರ ಬಂದರೆ, ಹೊಗೆ ಬಿಡುವವರ ಬಿಲ್ ನಮ್ಮ ಹೆಸರಿಗೆ ಬಂದಿದೆ ಅಂತಲೇ ಅರ್ಥ.