ನೇಟಿವಿಟಿ ಅಂದ್ರೆ ಹುಟ್ಟಿದ ಆಸ್ಪತ್ರೆಯಲ್ಲ!

ಕಾಸರಗೋಡು: "ಇವಳು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಬರ್ತ್ ಸರ್ಟಿಫಿಕೇಟೂ ಅಲ್ಲಿಯದ್ದೇ. ಹಾಗಾದ್ರೆ ನೇಟಿವಿಟಿ ಮಂಗಳೂರು ಅಂತಲೇ ಹಾಕ್ಬೇಕಲ್ವಾ ತಮ್ಮಾ?"

ಪ್ಲಸ್ ಟು ಓದುವ ಮಗಳನ್ನು ಕರೆದುಕೊಂಡು ಅಕ್ಷಯ ಕೇಂದ್ರಕ್ಕೆ ಬಂದಿದ್ದ ತಾಯಿಯೊಬ್ಬರ ಪ್ರಶ್ನೆಯಿದು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ತಲೆ ಕೆರೆದುಕೊಂಡ. "ಹಾಗೆ ಹಾಕಿದ್ರೆ ಇವಳು ಕೇರಳದವಳೇ ಅಲ್ಲ ಅಂತಾದೀತು ಅಕ್ಕಾ. ಇವಳ ಅಪ್ಪನ ಎಸ್ಸೆಸ್ಸೆಲ್ಸಿ ಪುಸ್ತಕ ಉಂಟಾ?"

ಮಗಳ ಅರ್ಜಿಗೆ ಅಪ್ಪನ ಪುಸ್ತಕ ಯಾಕೆ ಎಂದು ತಾಯಿಗೆ ಅರ್ಥವಾಗಲಿಲ್ಲ. ತಪ್ಪು ಅವರದ್ದಲ್ಲ. ಹೆರಿಗೆಗೆ ಮಂಗಳೂರಿಗೆ ಹೋಗುವುದು ಗಡಿನಾಡಿನ ಮನೆಮನೆಯ ರೂಢಿ. ತಕರಾರೆಲ್ಲ ಆ ಒಂದು ಇಂಗ್ಲಿಷ್ ಪದದ್ದು.

ಡಿಕ್ಷನರಿ ತೆರೆದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಹುಟ್ಟು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಪದವಿದು. ನೇಟಿವ್, ನೇಶನ್, ನೇಚರ್ ಎಲ್ಲವೂ ಇದರ ಅಣ್ಣತಮ್ಮಂದಿರು. ದೊಡ್ಡ ಅಕ್ಷರದಲ್ಲಿ ಶುರುಮಾಡಿ ಬರೆದರೆ ಯೇಸುಕ್ರಿಸ್ತನ ಜನನ ಎಂದೇ ಅರ್ಥ. ಕ್ರಿಸ್ಮಸ್‌ಗೆ ನಮ್ಮಲ್ಲಿ ಕಟ್ಟುವ ಗೋದಲಿಯ ದೃಶ್ಯವನ್ನು ಇಂಗ್ಲೆಂಡಿನ ಶಾಲೆಗಳಲ್ಲಿ ಮಕ್ಕಳು ನಾಟಕ ಆಡುತ್ತಾರೆ, ಅದಕ್ಕೆ ನೇಟಿವಿಟಿ ಪ್ಲೇ ಎಂದು ಹೆಸರು. 'ನೇಟಿವಿಟಿ ಸರ್ಟಿಫಿಕೇಟ್ ಬೇಕು' ಎಂದು ಇಂಗ್ಲೆಂಡಿನವನೊಬ್ಬನ ಹತ್ತಿರ ಹೇಳಿ ನೋಡಿ, ಕಣ್ಣು ಕಣ್ಣು ಬಿಟ್ಟಾನು. ಇನ್ನು ನಮ್ಮ ಸಿನಿಮಾದವರದ್ದು ಬೇರೆಯೇ ವರಸೆ. ರೀಮೇಕ್ ಮಾಡುವಾಗ 'ನಮ್ಮ ನೇಟಿವಿಟಿಗೆ ತಕ್ಕಂತೆ ಬದಲಾಯಿಸಿದ್ದೇವೆ' ಎನ್ನುತ್ತಾರೆ. ಅಲ್ಲಿ ಅದರ ಅರ್ಥ ಮಣ್ಣಿನ ವಾಸನೆ, ಅಷ್ಟೆ.

ವಿಲ್ಲೇಜ್ ಆಫೀಸಿನ ಅರ್ಥ

ಕೇರಳದ ವಿಲ್ಲೇಜ್ ಆಫೀಸಿನಲ್ಲಿ ಈ ಪದಕ್ಕೆ ಇರುವುದು ಇನ್ನೊಂದೇ ಅರ್ಥ: ನೀವು ಈ ನಾಡಿನ ಮೂಲದವರೇ? ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಅರ್ಜಿಯಲ್ಲಿ ಮಗು ಕೇರಳದಲ್ಲಿ ಹುಟ್ಟಿದ ದಾಖಲೆ ತೋರಿಸಬಹುದು. ಇಲ್ಲವಾದರೆ ಅಪ್ಪ ಅಥವಾ ಅಮ್ಮ, ಇಬ್ಬರಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದಕ್ಕೆ ದಾಖಲೆಯಿದ್ದರೂ ನಡೆಯುತ್ತದೆ. ಹಾಗಾಗಿಯೇ ಅಪ್ಪನ ಎಸ್ಸೆಸ್ಸೆಲ್ಸಿ ಪುಸ್ತಕಕ್ಕೆ ಬೆಲೆ, ಅದರಲ್ಲಿ ಹುಟ್ಟಿದ ಸ್ಥಳ ನಮೂದಾಗಿರುತ್ತದೆ. ಆದರೆ ನಿಯಮದ ಸಣ್ಣಪುಟ್ಟ ವಿವರ ಬದಲಾಗುವುದುಂಟು. ಆ ವರ್ಷದ ಪ್ರಾಸ್ಪೆಕ್ಟಸ್ ಓದದೆ ನೆರೆಮನೆಯವರು ಹೇಳಿದ್ದನ್ನು ನಂಬಿ ಕೂರಬೇಡಿ.

ಪುಸ್ತಕ ಸಿಕ್ಕಿದರೂ ಇನ್ನೊಂದು ಪೇಚು ಕಾದಿರುತ್ತದೆ. ಅಪ್ಪನದರಲ್ಲಿ ಜಿಲ್ಲೆ ಕಣ್ಣೂರು, ಮಗಳದರಲ್ಲಿ ಕಾಸರಗೋಡು! ಅಜ್ಜನ ಕಾಗದ ತೆಗೆದರೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಗುಮಾಸ್ತರು ತಪ್ಪು ಬರೆದರೆಂದು ಗಾಬರಿಪಡುವವರಿದ್ದಾರೆ. ತಪ್ಪೇನಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆಯವರು. ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ಬದಲಾಗುತ್ತಾ ಬಂತು. ಈ ಎರಡು ತಾರೀಕು ನೆನಪಿಟ್ಟುಕೊಂಡರೆ ಆಫೀಸಿನಲ್ಲಿ ಧೈರ್ಯವಾಗಿ ಮಾತಾಡಬಹುದು.

ಡೊಮಿಸೈಲ್ ಬೇರೆ

ನೇಟಿವಿಟಿಯ ಜೊತೆ ಸದಾ ಗಲಿಬಿಲಿಯಾಗುವ ಪದ ಡೊಮಿಸೈಲ್. ಇದು 'ಮನೆ' ಎಂಬ ಲ್ಯಾಟಿನ್ ಮೂಲದ್ದು. ಬಾಡಿಗೆಗೆ ಇದ್ದ ಮನೆಯಲ್ಲ, ಕಾಯಂ ನೆಲೆಸುವ ಮನಸ್ಸಿರುವ ಮನೆ. ಗಲ್ಫಿನಲ್ಲಿ 20 ವರ್ಷ ದುಡಿದರೂ, ಊರಿಗೆ ಮರಳುವ ಇರಾದೆ ಇಟ್ಟುಕೊಂಡವರ ಡೊಮಿಸೈಲ್ ಅಷ್ಟರಿಂದಲೇ ಬದಲಾಗುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೂ ಮಗುವಿನ ಮೂಲ ಡೊಮಿಸೈಲನ್ನು ಹುಟ್ಟಿದ ಜಾಗದಿಂದ ಲೆಕ್ಕ ಹಾಕುವುದೇ ಇಲ್ಲ, ಆಗ ಅಪ್ಪನ ಡೊಮಿಸೈಲ್ ಎಲ್ಲಿತ್ತೆಂದು ನೋಡುತ್ತದೆ.

ತಮಾಷೆಯೆಂದರೆ, ಭಾರತದಲ್ಲಿ ರಾಜ್ಯಕ್ಕೊಂದು ಡೊಮಿಸೈಲ್ ಇಲ್ಲ, ಇಡೀ ದೇಶಕ್ಕೆ ಒಂದೇ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲೇ ಹೇಳಿದೆ. 2025ರ ಜನವರಿಯಲ್ಲಿ ಮತ್ತೆ ಹೇಳಿತು. ಆದರೂ ಸರಕಾರಿ ಫಾರಂಗಳು ಆ ಪದವನ್ನು ಬಿಟ್ಟಿಲ್ಲ. ಅಕ್ಕಲಕೋಟೆ, ಜತ್ತ ಕಡೆಯ ನಮ್ಮವರು ಮಹಾರಾಷ್ಟ್ರದಲ್ಲಿ ಪಡೆಯುವ ಸರ್ಟಿಫಿಕೇಟಿನ ಹೆಸರೇ 'ವಯಸ್ಸು, ರಾಷ್ಟ್ರೀಯತೆ ಮತ್ತು ಡೊಮಿಸೈಲ್'. ಅಲ್ಲೆಲ್ಲ 'ಈ ರಾಜ್ಯದ ಕಾಯಂ ನಿವಾಸಿ' ಎಂದು ಓದಿಕೊಂಡರೆ ಕೆಲಸ ಸುಸೂತ್ರ.

ಅಕ್ಷಯ ಕೇಂದ್ರದಲ್ಲಿ ಆ ತಾಯಿ ಮೆಲ್ಲಗೆ ಇನ್ನೊಂದು ಮಾತು ಕೇಳಿದರು. ಬಹಳ ಮಂದಿಯ ಮನಸ್ಸಿನಲ್ಲಿರುವ ಪ್ರಶ್ನೆ. "ಇಲ್ಲಿ ಕೇರಳದವಳು ಅಂತ ಬರೆಸಿದ್ರೆ ಬೆಂಗಳೂರಿನ ಗಡಿನಾಡ ಕನ್ನಡಿಗ ಸೀಟು ಹೋಗ್ತದಾ?"

ಹೋಗುವುದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಮುಖ್ಯವಾಗಿ ಬೇಕಾದ್ದು ಎರಡು. ತಾಯಿನುಡಿ ಕನ್ನಡ, ತುಳು ಇಲ್ಲವೆ ಕೊಡವ ಆಗಿರಬೇಕು. ಪಟ್ಟಿಯಲ್ಲಿರುವ ಕಾಸರಗೋಡು, ಹೊಸದುರ್ಗ, ಮಂಜೇಶ್ವರದಂಥ ತಾಲೂಕಿನಲ್ಲಿ ನೆಲೆಸಿ ಓದಿರಬೇಕು. ಅದರ ಮೇಲೆ ಒಂದು ಕನ್ನಡ ಭಾಷಾ ಪರೀಕ್ಷೆ. ಅಂದರೆ ಗಡಿಯಾಚೆ ಇರುವುದೇ ಇಲ್ಲಿ ಅರ್ಹತೆ! ಒಂದು ಕಡೆ ಕೇರಳದ ನೇಟಿವಿಟಿ, ಇನ್ನೊಂದು ಕಡೆ ಕನ್ನಡಿಗಳೆಂಬ ದಾಖಲೆ, ಒಂದೇ ಹುಡುಗಿಯ ಫೈಲಿನಲ್ಲಿ ಎರಡೂ ಇರಬಹುದು.

ಅಂದ ಹಾಗೆ, ಪರಿಚಯ ಕೇಳುವಾಗ 'ವಾಟ್ ಈಸ್ ಯುವರ್ ನೇಟಿವ್' ಎನ್ನುವ ಅಭ್ಯಾಸ ಮಕ್ಕಳಿಗಿದ್ದರೆ ತಿದ್ದಿಕೊಳ್ಳಲಿ. ಇಂಗ್ಲಿಷಿನಲ್ಲಿ ನೇಟಿವ್ ಎಂದರೆ ಊರಲ್ಲ, ಆ ಊರಿನ ಮನುಷ್ಯ. ಬ್ರಿಟಿಷರು ನಮ್ಮನ್ನು ಹೀಗಳೆಯಲು ಬಳಸುತ್ತಿದ್ದ ಪದವೂ ಹೌದು. 'ವೇರ್ ಆರ್ ಯು ಫ್ರಂ' ಎಂದರೆ ಸಾಕು.

ಅಪ್ಪನ ಪುಸ್ತಕ ಮನೆಯ ಅಟ್ಟದ ಪೆಟ್ಟಿಗೆಯಲ್ಲಿದೆಯಂತೆ. ತರುತ್ತೇವೆಂದು ತಾಯಿ, ಮಗಳು ಬಸ್ಸಿಗೆ ಓಡಿದರು.