ಕಿತ್ತೆಸೆದ ವಾಲ್ವು, ಸುರಿದ ಸೀಮೆಎಣ್ಣೆ

ಮೊಬೈಲನ್ನು ಬಾನೆಟ್ಟಿನ ಅಂಚಿಗೆ ಒರಗಿಸಿಟ್ಟು, ಅದರಲ್ಲಿ ಓಡುವ ವಿಡಿಯೊ ನೋಡುತ್ತಾ ಸ್ವಂತ ಕಾರಿಗೆ ಸ್ಪ್ಯಾನರ್ ಹಾಕುವವರು ಈಗ ಬೆಂಗಳೂರಿನ ಜಾಲಹಳ್ಳಿಯ ಯಾವ ಬಡಾವಣೆಯಲ್ಲೂ ಸಿಗುತ್ತಾರೆ. ಭಾನುವಾರ ಬೆಳಿಗ್ಗೆ ಮನೆ ಮುಂದೆ ಶುರುವಾದ ಕೆಲಸ ಎಷ್ಟೋ ಸಲ ಸೋಮವಾರ ಹಗ್ಗ ಕಟ್ಟಿಸಿಕೊಂಡು ಪೀಣ್ಯದ ಕಡೆಯ ಗ್ಯಾರೇಜಿಗೆ ಬರುತ್ತದೆ. 'ಅಣ್ಣಾ, ವಿಡಿಯೊದಲ್ಲಿ ಸರಿ ಹೋಯ್ತಲ್ಲಾ?' ಎಂದು ಗಿರಾಕಿ ಕೇಳಿದರೆ ಮೆಕ್ಯಾನಿಕ್ ಬನಿಯನ್ ಬಟ್ಟೆಯಲ್ಲಿ ಕೈಯೊರೆಸುತ್ತಾ ಹೇಳುವ ಉತ್ತರ ಚಿಕ್ಕದು: 'ಆ ಗಾಡಿ ಬೇರೆ ಸಾರ್, ಈ ಗಾಡಿ ಬೇರೆ.'

ಜಗಳ ತಪ್ಪಿಸಲು ಹೇಳಿದ ಮಾತಿನಂತೆ ಕೇಳಿಸಿದರೂ ಅದರಲ್ಲಿ ಭೌತಶಾಸ್ತ್ರವಿದೆ. ಅಂತರ್ಜಾಲದ ಕಾರು ಪಂಡಿತರ ಸಲಹೆಗಳಲ್ಲಿ ಅಪ್ಪಟ ಸುಳ್ಳು ಕಡಿಮೆ. ಬಹುಪಾಲು ಮಾತುಗಳು ಯಾವುದೋ ಕಾಲದಲ್ಲಿ, ಯಾವುದೋ ಎಂಜಿನ್ನಿನ ಮಟ್ಟಿಗೆ ನಿಜವೇ ಆಗಿದ್ದವು. ಎಂಜಿನ್ ಬದಲಾಯಿತು, ಮಾತು ಮಾತ್ರ ಬದಲಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ಅಂಬಾಸಿಡರ್, ಎಮ್ಮೆ ಇವತ್ತಿನ ಹ್ಯಾಚ್‌ಬ್ಯಾಕ್.

'ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ, ಕಿತ್ತು ಬಿಸಾಕಿ' ಎಂಬ ಸಲಹೆಯನ್ನೇ ನೋಡಿ. ಥರ್ಮೋಸ್ಟಾಟ್ ವಾಲ್ವು ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಅದರ ನಡುವೆ ಹಿತ್ತಾಳೆಯ ಒಂದು ಡಬ್ಬಿ, ಡಬ್ಬಿಯೊಳಗೆ ಮೇಣ. ಎಂಜಿನ್ನಿನ ನೀರು ಎಂಬತ್ತು ಡಿಗ್ರಿ ದಾಟುತ್ತಿದ್ದಂತೆ ಮೇಣ ಕರಗಿ ಉಬ್ಬುತ್ತದೆ, ಉಬ್ಬಿದ ಮೇಣ ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ತಳ್ಳಿದ್ದಕ್ಕೆ ಬಾಗಿಲು ತೆರೆದು ನೀರು ರೇಡಿಯೇಟರಿನ ಕಡೆ ಹರಿಯುತ್ತದೆ. ನೀರು ತಣಿದರೆ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ಬಾಗಿಲು ಮುಚ್ಚುತ್ತದೆ. ವಿದ್ಯುತ್ತು ಬೇಡ, ಕಂಪ್ಯೂಟರಿನ ಅಪ್ಪಣೆಯೂ ಬೇಡ. 1930ರ ದಶಕದಲ್ಲಿ ಸರ್ಜಿಯಸ್ ವೆರ್ನೆ ರೂಪಿಸಿದ ಈ ಉಪಾಯ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ.

ಹಳೇ ಮೆಕ್ಯಾನಿಕ್‌ಗಳು ಇದನ್ನು ಕಿತ್ತೆಸೆದದ್ದು ದಡ್ಡತನದಿಂದ ಅಲ್ಲ. ರೇಡಿಯೇಟರಿಗೆ ಕೂಲೆಂಟ್ ಬದಲು ಬೋರ್‌ವೆಲ್ಲಿನ ಗಡಸು ನೀರು ಬೀಳುತ್ತಿದ್ದ ಕಾಲ ಅದು. ಸುಣ್ಣದಂಥ ಪದರ, ತುಕ್ಕು ಎರಡೂ ಸೇರಿ ವಾಲ್ವು ಮುಚ್ಚಿದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತಿತ್ತು. ತುಮಕೂರು ರಸ್ತೆಯಲ್ಲಿ ಹಬೆಯಾಡುತ್ತಾ ನಿಂತ ಕಾರನ್ನು ಊರು ಮುಟ್ಟಿಸಲು ವಾಲ್ವು ಕೀಳುವುದಕ್ಕಿಂತ ಸಲೀಸಾದ ದಾರಿ ಇರಲಿಲ್ಲ. ಈಗಿನ ಕಾರಿನಲ್ಲಿ ಅದೇ ಕೆಲಸ ಮಾಡಿದರೆ ಆಗುವುದೇ ಬೇರೆ. ಡಿಸೆಂಬರಿನ ಬೆಳಿಗ್ಗೆ ಜಾಲಹಳ್ಳಿಯಿಂದ ಯಶವಂತಪುರಕ್ಕೆ ಹೋಗಿ ಬರುವಷ್ಟರಲ್ಲಿ ವಾಲ್ವಿಲ್ಲದ ಎಂಜಿನ್ ಬಿಸಿಯೇ ಆಗುವುದಿಲ್ಲ. ನೀರಿನ ತಾಪ ಅಳೆಯುವ ಸೆನ್ಸರು 'ಎಂಜಿನ್ ಇನ್ನೂ ತಣ್ಣಗಿದೆ' ಎಂದೇ ವರದಿ ಕೊಡುತ್ತಿರುತ್ತದೆ. ಕಂಪ್ಯೂಟರು ಅದನ್ನು ನಂಬಿ ಹೆಚ್ಚು ಪೆಟ್ರೋಲು ಚಿಮ್ಮಿಸುತ್ತದೆ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲಿಗೆ ಬೆರೆಯುತ್ತದೆ. ಮೈಲೇಜು ಬೀಳುತ್ತದೆ, ಚೆಕ್ ಲೈಟು ಹತ್ತುತ್ತದೆ. ಸ್ಕ್ಯಾನರ್ ಹಾಕಿ ನೋಡಿದರೆ ಪಿ0128 ಎಂಬ ಸಂಕೇತ: ನೀರು ಇರಬೇಕಾದಷ್ಟು ಬಿಸಿಯಾಗಿಲ್ಲ.

ಇದೇ 'ನಮ್ಮ ಬಿಸಿಲು' ಎಣ್ಣೆಯ ವಿಷಯದಲ್ಲೂ ಬರುತ್ತದೆ. ಕಂಪನಿ 0ಡಬ್ಲ್ಯು-20 ಹಾಕಿ ಎಂದಿದ್ದರೆ ವಿಡಿಯೊದ ಅಣ್ಣ 'ಅದು ನೀರಿನ ಥರ ಇದೆ, 20ಡಬ್ಲ್ಯು-50 ಹಾಕಿ' ಎನ್ನುತ್ತಾನೆ. ಇಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು 100 ಡಿಗ್ರಿಯಲ್ಲಿ ಎಷ್ಟು ದಪ್ಪಗಿರುತ್ತದೆ ಎಂಬುದಕ್ಕೆ. ಆ ಶಾಖದಲ್ಲಿ 20ರ ದರ್ಜೆಯ ಎಣ್ಣೆಯ ಸ್ನಿಗ್ಧತೆ 6.9ರಿಂದ 9.3 ಸೆಂಟಿಸ್ಟೋಕ್, 50ರದ್ದು 16.3ರಿಂದ 21.9. ಅಂದರೆ ಸಾಮಾನ್ಯವಾಗಿ ಎರಡು ಪಟ್ಟಿಗೂ ಹೆಚ್ಚು ದಪ್ಪ. ಹೊರಗೆ ಹದಿನೈದು ಡಿಗ್ರಿ ಇರಲಿ, ಮೂವತ್ತೆಂಟಿರಲಿ, ಬಿಸಿಯೇರಿದ ಎಂಜಿನ್ನಿನೊಳಗೆ ಎಣ್ಣೆ ಇರುವುದು ನೂರರ ಆಸುಪಾಸಿನಲ್ಲೇ. ರಾಯಚೂರಿನ ಬಿಸಿಲಿಗೂ ಕ್ರ್ಯಾಂಕಿನ ಬೇರಿಂಗಿಗೂ ನೇರ ನಂಟು ಅಷ್ಟಕ್ಕಷ್ಟೆ.

ಆ ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಸಂದು ಸಾಮಾನ್ಯವಾಗಿ 25ರಿಂದ 50 ಮೈಕ್ರಾನ್. ತಲೆಗೂದಲು ಅದಕ್ಕಿಂತ ದಪ್ಪ. ಈ ಅಂಕಿಯನ್ನು ಜಾಲಹಳ್ಳಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಒಂದು ಕಾಲಕ್ಕೆ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ ಇಲ್ಲಿ ಲೇತ್ ಕಟ್ಟಿತು, 1961ರಿಂದ ಕೈಗಡಿಯಾರವನ್ನೂ ಮಾಡಿತು. ಮೈಕ್ರೊಮೀಟರ್ ಹಿಡಿದೇ ಸಂಸಾರ ತೂಗಿದ ಮನೆಗಳು ಈ ಕಾಲೊನಿಗಳಲ್ಲಿ ಎಷ್ಟೋ. ಸಂದು ಮೊದಲೋ, ಎಣ್ಣೆ ಮೊದಲೋ ಎಂದು ಆ ಪೀಳಿಗೆಯವರನ್ನು ಕೇಳಿದರೆ ನಕ್ಕುಬಿಡುತ್ತಾರೆ. ಎಂಜಿನ್ ರೂಪಿಸುವವರು ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಎರಡು ಲಕ್ಷ ಕಿಲೋಮೀಟರ್ ಓಡಿ ಸವೆದು ಸಂದು ಅಗಲವಾದ ಹಳೇ ಎಂಜಿನ್ನಿಗೆ ದಪ್ಪ ಎಣ್ಣೆ ಒಗ್ಗಬಹುದು. ಹೊಸತರಲ್ಲಿ ಅದು ಚಳಿಯ ಬೆಳಿಗ್ಗೆ ಮೇಲಿನ ಕ್ಯಾಮಿಗೆ ಏರುವುದು ತಡವಾಗುತ್ತದೆ. ಎಣ್ಣೆಯ ಒತ್ತಡದಿಂದಲೇ ವಾಲ್ವುಗಳ ಸಮಯ ಹಿಂದುಮುಂದು ಮಾಡುವ ಪುಟ್ಟ ಯಂತ್ರವೂ ತಡವರಿಸುತ್ತದೆ.

ಸೀಮೆಎಣ್ಣೆಯದು ಇನ್ನೊಂದು ಕಥೆ. ಆಯಿಲ್ ಬದಲಿಸುವ ಮುಂಚೆ ಅರ್ಧ ಲೀಟರ್ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಸುರಿದು ಹತ್ತು ನಿಮಿಷ ಎಂಜಿನ್ ಓಡಿಸಿ, ಒಳಗಿನ ಕೊಳೆಯೆಲ್ಲ ತೊಳೆದು ಬರುತ್ತದೆ ಎನ್ನುತ್ತಾರೆ. ಬರುತ್ತದೆ, ಸುಳ್ಳಲ್ಲ. ಕಪ್ಪು ದ್ರವ ಟ್ರೇಗೆ ಸುರಿಯುವ ದೃಶ್ಯ ವಿಡಿಯೊದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಕಾಣದಿರುವುದು ಎರಡು. ಆ ಹತ್ತು ನಿಮಿಷ ಬೇರಿಂಗುಗಳು ತೆಳುವಾದ ಎಣ್ಣೆಯ ಪದರದ ಮೇಲೆ ತಿರುಗುತ್ತವೆ. ಜೊತೆಗೆ, ವರ್ಷಗಟ್ಟಲೆ ಗೋಡೆಗಂಟಿ ಸುಮ್ಮನಿದ್ದ ಜಿಡ್ಡು ಚಕ್ಕೆಚಕ್ಕೆಯಾಗಿ ಎದ್ದು ಆಯಿಲ್ ಪಂಪಿನ ಬಾಯಿಯ ಜಾಲರಿಗೆ ಹೋಗಿ ಕೂರುತ್ತದೆ. ಎಂಜಿನ್ ಸೀಜ್ ಆಗುವುದು ಇಪ್ಪತ್ತು ದಿನ ಬಿಟ್ಟು, ನೆಲಮಂಗಲದ ಟೋಲ್ ಹತ್ತಿರ. ಆಗ ಕ್ಯಾಮೆರಾ ಇರುವುದಿಲ್ಲ. ಸವೆತ ನಿಧಾನದ ಕೆಲಸ, ಹತ್ತು ನಿಮಿಷದ ಚಿತ್ರದಲ್ಲಿ ಅದಕ್ಕೆ ಪಾತ್ರವಿಲ್ಲ.

ನೀರು ಮಾತ್ರ ತಡಮಾಡುವುದಿಲ್ಲ. ಸಿಲಿಂಡರಿನ ಕಾರ್ಬನ್ ಬಿಡಿಸಲು ಓಡುತ್ತಿರುವ ಎಂಜಿನ್ನಿನ ಗಾಳಿಕೊಳವೆಗೆ ನೀರು ಕುಡಿಸುವ ಉಪಾಯಕ್ಕೆ ದೊಡ್ಡ ವಂಶವಿದೆ. ಎರಡನೇ ಮಹಾಯುದ್ಧದ ಪಿ-47 ಥಂಡರ್‌ಬೋಲ್ಟ್ ವಿಮಾನದ ಎಂಜಿನ್ನಿಗೆ ಹೆಚ್ಚು ಶಕ್ತಿ ಬೇಕಾದಾಗ ಅಳೆದು ನೀರು ಚಿಮ್ಮಿಸುತ್ತಿದ್ದರು. ಆದರೆ ಅದು ಅಳತೆಯ ಮಂಜು. ಇಲ್ಲಿ ಬಾಟಲಿಯಿಂದ ನೇರ ಧಾರೆ. ಲೆಕ್ಕ ಸುಲಭ: 1,200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದೊಂದಕ್ಕೆ 300 ಸಿಸಿ. ಕಂಪ್ರೆಷನ್ ಅನುಪಾತ 11:1 ಇದ್ದರೆ, ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ 30 ಮಿಲಿಲೀಟರ್. ಕೆಮ್ಮಿನ ಸಿರಪ್ಪಿನ ಹತ್ತು ಮಿಲಿಯ ಮುಚ್ಚಳದಲ್ಲಿ ಮೂರು ಸಲ ಅಳೆದಷ್ಟು. ಅದಕ್ಕಿಂತ ಒಂದು ಗುಟುಕು ಹೆಚ್ಚು ನೀರಿದ್ದರೂ ಪಿಸ್ಟನ್ನಿಗೆ ಹೋಗಲು ಜಾಗವಿಲ್ಲ. ಗಾಳಿಯಾದರೆ ಒತ್ತಿದಷ್ಟೂ ಕುಗ್ಗುತ್ತದೆ, ನೀರು ಬಗ್ಗುವುದಿಲ್ಲ. ಬಗ್ಗುವುದು ಕನೆಕ್ಟಿಂಗ್ ರಾಡ್. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿ ನಿವಾಸಿಗಳನ್ನು ದೋಣಿಯಲ್ಲಿ ಕರೆತಂದರಲ್ಲ, ಅಂಥ ಮಳೆಗೆ ಮುಳುಗಿದ ಕಾರನ್ನು 'ಒಂದು ಸಲ ಸ್ಟಾರ್ಟ್ ಮಾಡಿ ಚೆನ್ನಾಗಿ ರೇಸ್ ಕೊಡಿ, ನೀರು ಸೈಲೆನ್ಸರಿನಿಂದ ಹೊರಗೆ ಬರುತ್ತದೆ' ಎಂದು ಹೇಳುವವರನ್ನು ಏನೆನ್ನಬೇಕೋ.

ಗೇರ್ ಬಾಕ್ಸಿನ ಕಡೆ ಹೊರಳಿದರೆ ಅಲ್ಲಿನ ಕೈಚಳಕವೂ ಹಳೆಯದೇ. ರೋಲ್ಡ್ ಡಾಲ್ 1988ರಲ್ಲಿ ಬರೆದ 'ಮಟಿಲ್ಡಾ' ಮಕ್ಕಳ ಕಾದಂಬರಿಯಲ್ಲಿ ಹುಡುಗಿಯ ಅಪ್ಪ ಹಳೇ ಕಾರಿನ ಗೇರ್ ಬಾಕ್ಸಿಗೆ ಎಣ್ಣೆಯ ಜೊತೆ ಮರದ ಹೊಟ್ಟು ತುಂಬಿ, ಸದ್ದಡಗಿಸಿ ಮಾರುತ್ತಾನೆ. ಈಗಿನವರು ಹೊಟ್ಟು ತುಂಬಿಸುವುದಿಲ್ಲ, ದೊಡ್ಡ ಅಂಕಿ ತುಂಬಿಸುತ್ತಾರೆ. ಗೇರ್ ಆಯಿಲ್‌ನಲ್ಲಿ ಜಿಎಲ್-4, ಜಿಎಲ್-5 ಎಂಬ ಎರಡು ದರ್ಜೆಗಳಿವೆ. 'ಐದು ನಾಲ್ಕಕ್ಕಿಂತ ಮೇಲು, ಅದನ್ನೇ ಹಾಕಿ' ಎಂಬುದು ಸಲಹೆ. ಜಿಎಲ್-5 ಇರುವುದು ಹಿಂದಿನ ಆಕ್ಸಲ್ಲಿನಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುವ ಹೈಪಾಯ್ಡ್ ಗೇರುಗಳಿಗೆ. ಮ್ಯಾನ್ಯುಯಲ್ ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುತ್ತವೆ. ಗೇರು ಬೀಳುವ ಮುಂಚಿನ ಅರೆಕ್ಷಣದಲ್ಲಿ ಅವು ಪುಟ್ಟ ಬ್ರೇಕಿನಂತೆ ಉಜ್ಜಿ ಎರಡು ಚಕ್ರಗಳ ವೇಗ ಸಮ ಮಾಡಬೇಕು. ಅತಿ ನುಣುಪಾದ ಎಣ್ಣೆಯಲ್ಲಿ ಅವಕ್ಕೆ ಹಿಡಿತ ಸಿಗುವುದಿಲ್ಲ. ಕೆಲವು ಜಿಎಲ್-5 ಎಣ್ಣೆಗಳ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಲೂಬಹುದು. ಎರಡನೇ ಗೇರಿಗೆ ಹಾಕುವಾಗ ಕರ್ರ್ ಎಂದು ಕೇಳಿಸುವ ಸದ್ದು ಇದೇ.

ಬೈಕಿಗೆ ಕಾರಿನ ದುಬಾರಿ ಎಣ್ಣೆ ಹಾಕುವುದೂ ಇದರ ತಮ್ಮ. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತವೆ, ನುಣುಪು ಹೆಚ್ಚಾದರೆ ಅವೂ ಜಾರುತ್ತವೆ. ಅದಕ್ಕೇ ಜಪಾನಿನವರು 1998ರಲ್ಲಿ ಜಾಸೊ ಎಂಎ ಎಂಬ ಬೇರೆ ಮಾನದಂಡ ತಂದರು.

'ಸಿಂಥೆಟಿಕ್ ಯಾವತ್ತೂ ಮೇಲು' ಎಂಬ ವೇದವಾಕ್ಯಕ್ಕೂ ಒಂದು ಗುದ್ದು ಬಿದ್ದಿದೆ. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ತನ್ನ ಏಳು ಗೇರಿನ ಡಿಎಸ್‌ಜಿ ಗೇರ್ ಬಾಕ್ಸಿನ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸು ಕರೆಸಿತು. ಕರೆಸಿದ್ದು ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ತುಂಬಲು. ಬಿಸಿಲು, ತೇವ ಹೆಚ್ಚಿರುವ ಊರುಗಳಲ್ಲಿ, ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಗೇರ್ ಬಾಕ್ಸಿನ ವಿದ್ಯುತ್ ಭಾಗಗಳು ಕೆಡುತ್ತಿದ್ದವು.

ಆಟೊಮ್ಯಾಟಿಕ್ ಎಂಬ ಒಂದೇ ಹಣೆಪಟ್ಟಿಯಡಿ ಎಷ್ಟು ಜಾತಿಗಳಿವೆ ಎಂಬುದನ್ನು ಬಹುತೇಕ ವಿಡಿಯೊಗಳು ಹೇಳುವುದೇ ಇಲ್ಲ. ಸಿವಿಟಿಯಲ್ಲಿ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ, ಅದರ ಹಿಡಿತಕ್ಕೆಂದೇ ಹದಮಾಡಿದ ದ್ರವ. ಅಲ್ಲಿಗೆ ಮಾಮೂಲಿ ಆಟೊಮ್ಯಾಟಿಕ್ ಎಣ್ಣೆ ಸುರಿದರೆ ಪಟ್ಟಿ ಜಾರಿ ರಾಟೆಯ ಮೈ ಗೀಚುತ್ತದೆ. 2014ರಲ್ಲಿ ಸೆಲೆರಿಯೊ ಮೂಲಕ ಮನೆಮಾತಾದ ಎಎಂಟಿಯಲ್ಲಿ ಇರುವುದು ಮಾಮೂಲಿ ಒಣ ಕ್ಲಚ್ ಪ್ಲೇಟೇ. ನಮ್ಮ ಎಡಗಾಲಿನ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಸಂಜೆ ಹೆಬ್ಬಾಳ ಫ್ಲೈಓವರಿನ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಕಾರು ನಿಲ್ಲಿಸಿಕೊಂಡರೆ ಆ ಪ್ಲೇಟು ಅರ್ಧ ಕಚ್ಚಿ ಅರ್ಧ ಜಾರುತ್ತಾ ಬೇಯುತ್ತದೆ. ಸುಟ್ಟ ವಾಸನೆ ಮುಂದಿನ ಲಾರಿಯದು ಅಂದುಕೊಂಡವರೇ ಹೆಚ್ಚು.

ವಾರಾಂತ್ಯಕ್ಕೆ ನಂದಿ ಬೆಟ್ಟ ಹತ್ತಿಳಿಯುವವರಿಗೆ ಹೇಳುವ 'ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ, ಪೆಟ್ರೋಲ್ ಉಳಿಸಿ' ಎಂಬುದು ಕಾರ್ಬುರೇಟರ್ ಕಾಲದ ಉಳಿಕೆ. ಆಗ ಗೇರಿನಲ್ಲಿ ಇಳಿದರೂ ಕಾರ್ಬುರೇಟರ್ ಪೆಟ್ರೋಲು ಹೀರುತ್ತಲೇ ಇರುತ್ತಿತ್ತು. ಈಗ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರುಗಳು ಪೂರ್ತಿ ಮುಚ್ಚುತ್ತವೆ. ನ್ಯೂಟ್ರಲಿನಲ್ಲಿ ಎಂಜಿನ್ ನಿಲ್ಲದಿರಲೆಂದು ಅವು ಚಿಮ್ಮಿಸುತ್ತಲೇ ಇರಬೇಕು. ಉಳಿತಾಯ ತಲೆಕೆಳಗು. 1,200 ಕಿಲೋ ತೂಕದ ಕಾರು 500 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿ ಒಂದು ಬಕೆಟ್ ಸ್ನಾನದ ನೀರನ್ನು ಕುದಿಮಟ್ಟಕ್ಕೆ ತರುವಷ್ಟು. ಎಂಜಿನ್ನಿನ ತಡೆ ಇಲ್ಲದಿದ್ದರೆ ಅದರಲ್ಲಿ ಬಹುಪಾಲನ್ನು ಬ್ರೇಕುಗಳೇ ನುಂಗಬೇಕು.

ಕೈಯಾರೆ ಏನಾದರೂ ಮಾಡಲೇಬೇಕು ಅನ್ನುವವರಿಗೆ ಒಂದು ಕೆಲಸವಿದೆ. ಥರ್ಮೋಸ್ಟಾಟ್ ವಾಲ್ವಿನ ಮೇಲೆ ಅನುಮಾನ ಬಂದರೆ, ಎಂಜಿನ್ ಪೂರ್ತಿ ತಣಿದ ಮೇಲೆ ಅದನ್ನು ಬಿಚ್ಚಿ, ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಸ್ಟೌ ಹಚ್ಚಬೇಕು. ಪಾತ್ರೆ ಅಡುಗೆಮನೆಯದ್ದಾಗಬಾರದು, ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ವಿಷ. ವಾಲ್ವಿನ ಅಂಚಿನಲ್ಲಿ ಸಾಮಾನ್ಯವಾಗಿ 82 ಎಂದೋ 88 ಎಂದೋ ಕೊರೆದಿರುತ್ತದೆ. ಆರೋಗ್ಯವಾಗಿದ್ದರೆ ಆ ಅಂಕಿಯ ಹತ್ತಿರಕ್ಕೆ ಪಾದರಸ ಬರುತ್ತಿದ್ದಂತೆ ಬಾಗಿಲು ಸದ್ದಿಲ್ಲದೆ ಬಿಚ್ಚತೊಡಗುತ್ತದೆ, ಸ್ಟೌ ಆರಿಸಿದ ಕೆಲ ನಿಮಿಷಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳದಿದ್ದರೆ ಅದನ್ನು ಜೇಬಿಗೆ ಹಾಕಿಕೊಂಡು ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಗೆ ಹೋಗಿ ಅದೇ ಅಂಕಿಯ ಹೊಸದೊಂದನ್ನು ತರುವುದು.