ಹುಲಿಗೆ ಕಾಣದ ಆಡುಗಳು

ದೇವಾಲಯದ ಹಾಸುಗಲ್ಲಿನ ಮೇಲೆ ಗೆರೆ ಕೊರೆದು ಆಡುವ ಆಡು-ಹುಲಿ ಆಟವನ್ನು ಬಲ್ಲವರಿಗೆ, 1800ರ ಸೆಪ್ಟೆಂಬರ್ ತಿಂಗಳಲ್ಲಿ ಕೃಷ್ಣಾ-ತುಂಗಭದ್ರೆಗಳ ನಡುನಾಡಿನಲ್ಲಿ ನಡೆದ ಬೇಟೆಯ ಸ್ವರೂಪವನ್ನು ತಿಳಿಯಪಡಿಸಲು ಬಹಳ ಮಾತು ಬೇಕಾಗದು. ಹುಲಿ ಧೋಂಡಿಯ ವಾಘ. ವಾಘನೆಂದರೆ ಮರಾಠಿಯಲ್ಲಿ ಹುಲಿಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೆರೆಯಿಂದ ಹೊರಬಿದ್ದು, ರಾವುತರನ್ನು ಕೂಡಿಸಿಕೊಂಡು, ಉಭಯಲೋಕಾಧೀಶ್ವರನೆಂಬ ಬಿರುದನ್ನು ತಾನೇ ಧರಿಸಿಕೊಂಡವನು. ಆಡುಗಳನ್ನು ನಡೆಸಿದವನಾದರೋ, ಹದಿನೈದು ವರ್ಷಗಳ ತರುವಾಯ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಲಿದ್ದ ಆರ್ಥರ್ ವೆಲ್ಲೆಸ್ಲಿ.

ನೆಪೋಲಿಯನ್ನನ ಕಾಲದ ಸಮರವನ್ನು ಗಣಕಯಂತ್ರದ ಆಟವಾಗಿ ರಚಿಸಹೊರಟವರು ಸಾಮಾನ್ಯವಾಗಿ ಆಸ್ಟರ್ಲಿಟ್ಜ್, ವಾಟರ್ಲೂಗಳತ್ತ ಧಾವಿಸುತ್ತಾರೆ. ನನಗೆ ನಮ್ಮ ರಾಯಚೂರು ಸೀಮೆಯ ಈ ಕಿರುಕಾಳಗವೇ ಹೆಚ್ಚು ಬೋಧಪ್ರದವಾಗಿ ತೋರುತ್ತದೆ. ಮೊದಲು ನಕ್ಷೆ. ನೆಲವನ್ನು ಷಟ್ಕೋನಗಳ ಜೇನುಹಟ್ಟಿಯಾಗಿ ಭಾಗಿಸುವುದು ರೂಢಿ. ಏಕೆಂದರೆ ಚೌಕಗಳಲ್ಲಿ ಓರೆಯಾಗಿಟ್ಟ ಹೆಜ್ಜೆ ನೇರ ಹೆಜ್ಜೆಗಿಂತ 1.41 ಪಟ್ಟು ದೀರ್ಘವಾಗುವುದು, ಷಟ್ಕೋನದ ಆರು ನೆರೆಮನೆಗಳಾದರೋ ಸಮದೂರದಲ್ಲಿರುವುವು. ಒಂದು ಮನೆಗೆ ಎರಡು ಮೈಲಿಯೆಂದಿಟ್ಟುಕೊಳ್ಳೋಣ. ನೈಋತ್ಯದಲ್ಲಿ ಕನಕಗಿರಿ, ಉತ್ತರದಲ್ಲಿ ದೇವದುರ್ಗ, ಈಶಾನ್ಯದಲ್ಲಿ ರಾಯಚೂರು, ನಡುವೆ ಮಾನ್ವಿ. ಮಳೆಗಾಲದ ಎರಡು ಹೊಳೆಗಳು ಬಡಗಣ ಮತ್ತು ತೆಂಕಣ ಗೋಡೆಗಳು, ಹರಿಗೋಲಿಲ್ಲದೆ ದಾಟಲಾಗದು. ಎರೆ ಹೊಲದ ಮನೆಗೆ, ಮಳೆ ಬಿದ್ದಾಗ, ಮಸಾರಿ ನೆಲದ ಎರಡರಷ್ಟು ನಡಿಗೆಯ ವೆಚ್ಚವನ್ನು ವಿಧಿಸಬೇಕು. ಕುದುರೆಯ ಗೊರಸಿಗೆ ಮೆತ್ತಿದ ಎರೆಮಣ್ಣನ್ನು ಕಂಡವರು ಇದನ್ನು ಕಡಿಮೆಯೆಂದೇ ಆಕ್ಷೇಪಿಸಿಯಾರು.

ಇನ್ನು ಸನ್ನಿವೇಶ. ವೆಲ್ಲೆಸ್ಲಿಯು ಸೆಪ್ಟೆಂಬರ್ 11ರಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮನ್ರೋವಿಗೆ ಬರೆದ ಪತ್ರವು ಆಟ ಹೂಡುವವನಿಗೆ ನಿಧಿಯಿದ್ದಂತೆ. ಧೋಂಡಿಯನು ತನ್ನ ಫಿರಂಗಿ-ಸರಂಜಾಮುಗಳನ್ನು ಸುರಪುರದ ರಾಜನ ಬಳಿಗೆ ಸಾಗಿಸದಿರಲೆಂದು ತನ್ನ ಕೈಕೆಳಗಿನ ಸೇನಾನಿ ಸ್ಟೀವನ್‌ಸನ್ನನ ಪಡೆಯನ್ನು ದೇವದುರ್ಗದತ್ತ, ಕೃಷ್ಣೆಯ ದಂಡೆಯುದ್ದಕ್ಕೂ ಕಳುಹಿಸಿ, ಮರಾಠರ ಮತ್ತು ನಿಜಾಮನ ಅಶ್ವದಳಗಳನ್ನು ನಡುವೆ ಮುಂದಕ್ಕೆ ನೂಕಿ, ತಾನು 8ರಂದು ಕನಕಗಿರಿಯಿಂದ ಹೊರಟನು. 9ರಂದು ಕೃಷ್ಣೆಯತ್ತ ನಡೆದ ಧೋಂಡಿಯನು ಸ್ಟೀವನ್‌ಸನ್ನನ ಪಾಳೆಯವನ್ನು ಕಂಡು ಹಿಂದಿರುಗಿ, ವೆಲ್ಲೆಸ್ಲಿಯಿಂದ ಕೇವಲ ಒಂಬತ್ತು ಮೈಲಿಯಲ್ಲಿ ಬೀಡುಬಿಟ್ಟನು. ವೆಲ್ಲೆಸ್ಲಿಗೆ ಇದು ತಿಳಿಯಿತು. ಆದರೆ ರಾತ್ರಿಯ ಹವೆ ಕೆಟ್ಟಿದ್ದಿತು, ಕುದುರೆಗಳು ಬಳಲಿದ್ದುವು, ಕದಲಲಾಗಲಿಲ್ಲ. ಧೋಂಡಿಯನಿಗಾದರೋ ವೈರಿ ಇಷ್ಟು ಸಮೀಪದಲ್ಲಿರುವನೆಂಬುದೇ ತಿಳಿದಿರಲಿಲ್ಲ. ಬೆಳಗಾದ ಮೇಲೆ ಆತನು ಪಡುವಲಿಗೆ ನುಸುಳಿಹೋಗಲು ಹೊರಟು, ಪತ್ರದಲ್ಲಿ ಕೋನಗಲ್ಲೆಂದು ಹೆಸರಿಸಿರುವ ಹಳ್ಳಿಯ ಬಳಿ ನೇರವಾಗಿ ವೆಲ್ಲೆಸ್ಲಿಗೇ ಎದುರಾದನು.

ಆಡು-ಹುಲಿ ಆಟಕ್ಕೂ ಇದಕ್ಕೂ ಇರುವ ಭೇದವಿದು: ಕಲ್ಲಿನ ಮೇಲೆ ಎಲ್ಲ ಕಾಯಿಗಳೂ ಇಬ್ಬರಿಗೂ ಕಾಣುವುವು. ಗಣಕಯಂತ್ರವೂ ಸ್ವಭಾವತಃ ಸರ್ವಜ್ಞವೇ. ಧೋಂಡಿಯನ ಪಕ್ಷವನ್ನು ಅದಕ್ಕೊಪ್ಪಿಸಿ ಸುಮ್ಮನಾದರೆ, ಅದು ವೆಲ್ಲೆಸ್ಲಿಯನ್ನು ಕಂಡು ಕೋನಗಲ್ಲಿನತ್ತ ಸುಳಿಯುವುದೇ ಇಲ್ಲ, ಕಾಳಗವೂ ಇಲ್ಲ. ಆದುದರಿಂದ ಯಂತ್ರದೊಳಗೆ ಎರಡು ಬಗೆಯ ನಕ್ಷೆಗಳಿರಬೇಕು: ವಾಸ್ತವದ್ದೊಂದು, ಪ್ರತಿಯೊಬ್ಬ ಸೇನಾನಿಯ ನಂಬಿಕೆಯದೊಂದು. ಶತ್ರುವನ್ನು ಕಡೆಯ ಸಾರಿ ಕಂಡ ಮನೆ ಒಂದೇ. ಆತನು ಒಂದು ಮನೆ ನಡೆದಿರಬಹುದಾದರೆ ಸಂಭವನೀಯ ಸ್ಥಾನಗಳು ಏಳು, ಎರಡಾದರೆ ಹತ್ತೊಂಬತ್ತು, ಮೂರಾದರೆ ಮೂವತ್ತೇಳು. ವೆಲ್ಲೆಸ್ಲಿಯ ಪಾಳೆಯದಿಂದ ಕೋನಗಲ್ಲಿಗೆ ಆರು ಮೈಲಿ, ಅಂದರೆ ಮೂರೇ ಮನೆ. ಹೀಗೆ ಹಬ್ಬುವ ಸಂಶಯವನ್ನು ಬೇಹಿನವರ ವರದಿಯೊಂದೇ ಕುಗ್ಗಿಸಬಲ್ಲದು. ಪ್ರಷ್ಯದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ 1824ರಲ್ಲಿ ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ಈ ಕೆಲಸ ಮಧ್ಯಸ್ಥನದಾಗಿದ್ದಿತು: ಅಪ್ಪಣೆಗಳೆಲ್ಲ ಅವನಿಗೆ ಹೋಗುತ್ತಿದ್ದುವು, ಯಾರಿಗೆ ಎಷ್ಟು ಕಾಣಬೇಕೋ ಅಷ್ಟನ್ನೇ ಅವನು ತೋರುತ್ತಿದ್ದನು. ಯಂತ್ರವು ಆ ಮಧ್ಯಸ್ಥನ ಸ್ಥಾನದಲ್ಲಿ ಕುಳಿತರೆ ಶೋಭೆ. ಆಟಗಾರನಾಗಿ ಕುಳಿತಾಗ ಮಾತ್ರ ಅದರ ಕಣ್ಣಿಗೆ ಬಟ್ಟೆ ಕಟ್ಟಬೇಕು.

ಕಾದಾಟದ ನಿಯಮ ಇನ್ನೊಂದು ತೊಡಕು. ಆಂಗ್ಲ ಯಂತ್ರಶಾಸ್ತ್ರಜ್ಞ ಲ್ಯಾಂಚೆಸ್ಟರನ 1916ರ ಗ್ರಂಥದಲ್ಲಿ ಪ್ರಸಿದ್ಧವಾದ ಸೂತ್ರದಂತೆ, ಎಲ್ಲರೂ ಎಲ್ಲರ ಮೇಲೂ ಗುಂಡು ಹಾರಿಸಬಲ್ಲ ಕಾಳಗದಲ್ಲಿ ಬಲವು ಸಂಖ್ಯೆಯ ವರ್ಗಕ್ಕನುಗುಣ. ನಾಲ್ವರಿಗೆ ಒಬ್ಬನು ಸಮನಾಗಬೇಕಾದರೆ ಹದಿನಾರು ಪಟ್ಟು ಚತುರನಾಗಿರಬೇಕು. ಈ ಸೂತ್ರ ಬಂದೂಕಿಗೆ ಒಪ್ಪೀತು, ಕತ್ತಿಗೆ ಒಪ್ಪದು. ಧೋಂಡಿಯನ ಬಳಿಯಿದ್ದುದು ಸುಮಾರು 5000 ಕುದುರೆ. ಬೆನ್ನಿಗೂ ಎಡಮಗ್ಗುಲಿಗೂ ಹಳ್ಳಿ ಮತ್ತು ಬಂಡೆಯ ಆಸರೆ. ವೆಲ್ಲೆಸ್ಲಿಯ ನಾಲ್ಕು ಅಶ್ವದಳಗಳು ವೈರಿಯ ಸಾಲಿನ ಉದ್ದಕ್ಕೆ ಸರಿದೂಗಲೆಂದು ಹಿಂದೆ ಮೀಸಲೇ ಇಲ್ಲದ ಒಂದೇ ಸಾಲಾಗಿ ನಿಂತು ಮೇಲೆರಗಿದುವು. ಎದುರಾಳಿಗಳು ಸ್ವಲ್ಪ ಹೊತ್ತು ದೃಢವಾಗಿ ನಿಂತು, ಅನಂತರ ಚದುರಿದರು. ಧೋಂಡಿಯನು ಮಡಿದನು. ಹೆಣಗಳ ಲೆಕ್ಕಕ್ಕಿಂತ ಮೊದಲು ಕೆಡುವುದು ಧೈರ್ಯ. ಅದರಿಂದ ನಿಯಮವು ಧೈರ್ಯಕ್ಕೆ ಒಂದು ಅಂಕವಿತ್ತು, ಅನಿರೀಕ್ಷಿತ ದರ್ಶನಕ್ಕೂ ಮೇಲೆ ಬೀಳುವ ವೇಗಕ್ಕೂ ಅದನ್ನು ಕಡಿತಗೊಳಿಸಿ, ಘರ್ಷಣೆಗೆ ಮುನ್ನವೇ ದಾಳವನ್ನೆಸೆದು ಪರೀಕ್ಷಿಸಬೇಕು.

ಗೆಲುವನ್ನು ಎರಡೂ ಪಕ್ಷಕ್ಕೆ ಒಂದೇ ಅಳತೆಯಲ್ಲಿ ಗೊತ್ತುಮಾಡುವುದು ಹೊಸಬರ ತಪ್ಪು. ವೆಲ್ಲೆಸ್ಲಿಗೆ ಹುಲಿಯೇ ಬೇಕು. ಧೋಂಡಿಯನಾದರೋ ಒಬ್ಬ ರಾವುತನನ್ನೂ ಕೊಲ್ಲಬೇಕಾಗಿಲ್ಲ. 10ರ ಸೂರ್ಯಾಸ್ತದೊಳಗೆ ತನ್ನ ಬಹುಪಾಲು ಕುದುರೆಗಳೊಡನೆ ನಕ್ಷೆಯ ಪಡುವಣ ಅಂಚನ್ನು ದಾಟಿಬಿಟ್ಟರೆ ಆಟ ಅವನದು.